ಗ್ರಾಫಿಕ್ ಡಿಸೈನ್‌ಗೆ ಬಿವಿಎ ಬೇಕಾ, ಆರು ತಿಂಗಳ ಫೋಟೋಶಾಪ್ ಕೋರ್ಸ್ ಸಾಕಾ?

ಕಲಬುರಗಿಯಲ್ಲೇ ಇದ್ದು ಕಲಿಯಬೇಕು, ಆದರೆ ಬಿವಿಎ (ಬ್ಯಾಚುಲರ್ ಆಫ್ ವಿಶುವಲ್ ಆರ್ಟ್ಸ್, ದೃಶ್ಯಕಲೆಯ ಪದವಿ) ಶುರುವಿನಲ್ಲಿ ಬರೀ ಡ್ರಾಯಿಂಗ್ ಅಂತಾರಲ್ಲ ಎಂದು ಕೇಳಿದ್ದೀರಿ. ಕನ್ನಡದಲ್ಲಿ ಡಿಸೈನ್ ಮಾಡುವ ಆಸೆಯಿದ್ದರೆ ಬಿವಿಎ ಮಾಡಿ ಅನ್ನುತ್ತೇನೆ. ಸಾಫ್ಟ್‌ವೇರ್ ಆರು ತಿಂಗಳಲ್ಲಿ ಕೈಗೆ ಬರುತ್ತೆ, ಅಕ್ಷರ ರೂಪಿಸೋದು ಬರೋದಿಲ್ಲ.

ಸೇರುವಾಗ ಒಂದು ಎಚ್ಚರ. ನಿಮಗೆ ಬೇಕಾದದ್ದು ಸಾಮಾನ್ಯವಾಗಿ ‘ಅಪ್ಲೈಡ್ ಆರ್ಟ್’ ವಿಭಾಗದಲ್ಲಿರುತ್ತೆ. ಬರೀ ‘ಗ್ರಾಫಿಕ್ಸ್’ ಎಂದಿದ್ದರೆ ಅದು ಎಚಿಂಗ್, ಲಿನೋಕಟ್‌ನಂಥ ಮುದ್ರಣ ಕಲೆ. ಹೆಸರು ನೋಡಿ ಮೋಸ ಹೋಗಬೇಡಿ. ಸಿನಿಮಾ ಪೋಸ್ಟರ್, ಕ್ಯಾಲೆಂಡರ್‌ಗಳಿಗೆ ಹೆಸರಾದ ಎಸ್.ಎಂ. ಪಂಡಿತರು ಇದೇ ಊರಿನವರು. ಅವರ ಕೆಲಸದ ಬುನಾದಿಯೂ ಡ್ರಾಯಿಂಗೇ.

ಅಕ್ಷರ ಅಂದೆನಲ್ಲ, ಈಗಲೇ ಪರೀಕ್ಷಿಸಿ. ‘ಚಿತ್ತಾಪುರ’, ‘ಜೇವರ್ಗಿ’ ಎರಡನ್ನೂ 2 ಇಂಚು ಎತ್ತರಕ್ಕೆ ಪೆನ್ಸಿಲ್‌ನಲ್ಲಿ ಬರೆಯಿರಿ. ತಲೆಕಟ್ಟಿಗೊಂದು, ಬುಡಕ್ಕೊಂದು ಗೆರೆ ಎಳೆದರೆ ಸಾಲದು, ತ-ಒತ್ತು ಇಳಿಯಲು ಕೆಳಗೆ ಇನ್ನೊಂದು ಬೇಕು. ಜೇವರ್ಗಿಯಲ್ಲಿ ತೊಂದರೆ ಬೇರೆ: ಅರ್ಕಾವತ್ತು ಪಕ್ಕಕ್ಕೆ ಬಂದು ಕೂರುತ್ತೆ, ಎಲ್ಲ ಅಕ್ಷರಕ್ಕೂ ಸ್ಕೇಲಿಟ್ಟು ಒಂದೇ ಅಂತರ ಕೊಟ್ಟರೆ ಪದ ಒಡೆದಂತೆ ಕಾಣುತ್ತೆ. ಕಣ್ಣಳತೆಯಲ್ಲೇ ಸರಿಪಡಿಸಬೇಕು. ಕಂಪ್ಯೂಟರಿನಲ್ಲೂ ಇದೇ ಕಥೆ. 12 ಪಾಯಿಂಟ್ ಅಳತೆಯ ಅಕ್ಷರಕ್ಕೆ ಫೋಟೋಶಾಪ್‌ನಂಥ ಸಾಫ್ಟ್‌ವೇರ್ ತಾನಾಗಿ ಕೊಡುವ ಸಾಲಿನ ಅಂತರ 14.4 ಪಾಯಿಂಟ್, ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತೆ. 18ರಿಂದ ಶುರು ಮಾಡಿ.

ಬರೆದ ಅಕ್ಷರಕ್ಕೆ ಬಣ್ಣ ತುಂಬುವಾಗ ಪೋಸ್ಟರ್ ಕಲರ್ ಮಂದ ಮಜ್ಜಿಗೆಯಷ್ಟಿರಲಿ. ಗಟ್ಟಿಯಾದರೆ ಒಣಗಿ ಬಿರಿಯುತ್ತೆ, ನೀರಾದರೆ ಪಟ್ಟೆಪಟ್ಟೆ. ನಮ್ಮ ಏಪ್ರಿಲ್-ಮೇ ಬಿಸಿಲಿಗಂತೂ ಒಂದು ಎಳೆತ ಮುಗಿಸಿ ಬ್ರಷ್ ಅದ್ದುವಷ್ಟರಲ್ಲೇ ಅಂಚು ಒಣಗಿರುತ್ತೆ. ಬೆಳಿಗ್ಗೆಯೇ ಕೂತು, ಪೂರ್ತಿ ಜಾಗಕ್ಕಾಗುವಷ್ಟು ಬಣ್ಣ ಒಮ್ಮೆಗೇ ಕಲಸಿ. ಎರಡನೇ ಸಲ ಅದೇ ಛಾಯೆ ಸಿಗೋದಿಲ್ಲ.

ಇಲಸ್ಟ್ರೇಟರ್ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತು ಬಿಡಿಬಿಡಿಯಾದರೆ ಫಾಂಟ್ ಬದಲಿಸುತ್ತ ಕೂರಬೇಡಿ. ಪ್ರಿಫರೆನ್ಸಸ್‌ನ ‘ಟೈಪ್’ನಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಆಫ್‌ಸೆಟ್ ಮುದ್ರಣಕ್ಕೆ ಕೊಡುವಾಗ ಸುತ್ತ 3 ಮಿಮೀ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಇರಲಿ. ಸಣ್ಣ ಅಕ್ಷರಕ್ಕೆ ಬರೀ ಕಪ್ಪು, ಶೇ. 100. ಮುದ್ರಣದ ನಾಲ್ಕೂ ಬಣ್ಣ ಸೇರಿಸಿದರೆ ಪ್ಲೇಟ್ ಕೂದಲೆಳೆ ಜರುಗಿದರೂ ಅಕ್ಷರಕ್ಕೆ ಬಣ್ಣದ ನೆರಳು ಬೀಳುತ್ತೆ. ಪ್ರೆಸ್ಸಿಗೆ ಹೋಗುವ ಫೈಲಿನ ಅಕ್ಷರಗಳನ್ನು ಔಟ್‌ಲೈನ್ (ಟೈಪ್ ಮಾಡಿ ತಿದ್ದಲು ಬಾರದ ಆಕೃತಿ) ಮಾಡಿ, ಆದರೆ ಮೊದಲು ತಿದ್ದಲು ಬರುವ ಒಂದು ಪ್ರತಿ ಬೇರೆ ಸೇವ್ ಮಾಡಿಟ್ಟುಕೊಳ್ಳಿ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಿರೋದು ಗೊತ್ತಾಗೋದು ಯಾವಾಗಲೂ ಔಟ್‌ಲೈನ್ ಆದಮೇಲೆಯೇ.