ಗೆಳೆಯನ ನಿದ್ದೆಗೆ ನಾನು ಕಾವಲು

ಪ್ರಶ್ನೆ: ದೊಡ್ಡ ಪ್ರಯಾಣಿಕ ಫೆರ್ರಿಯ ಡೆಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಹಗ್ಗ ಕಟ್ಟುವುದರಿಂದ ಹಿಡಿದು ಲಾರಿಗಳಿಗೆ ಸರಪಳಿ ಬಿಗಿಯುವವರೆಗೆ ನನಗೆ ಎಲ್ಲವನ್ನೂ ಕಲಿಸಿದವನು ಕ್ಯಾಬಿನ್ನಿನ ಜೊತೆಗಾರ. ಈಚೆಗೆ ಅವನು ರಾತ್ರಿ ಪಾಳಿಯಲ್ಲಿ ನಿದ್ದೆ ಹೋಗುತ್ತಾನೆ. ಎಲ್ಲಾದರೂ ಬೆಂಕಿ ಹೊತ್ತಿದೆಯೇ ಎಂದು ನೋಡಿಬರುವ ಅವನ ಗಸ್ತನ್ನೂ ನಾನೇ ಮುಗಿಸಿ ಪುಸ್ತಕದಲ್ಲಿ ಅವನ ಹೆಸರು ಬರೆಯುತ್ತೇನೆ. ಡೆಕ್ ಕೆಲಸಗಾರರ ಮೇಸ್ತ್ರಿಯಾದ ಬೋಸನ್‌ಗೆ ಹೇಳಿದರೆ ಅವನ ಕೆಲಸ ಹೋದೀತು. ಅವನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಏನು ಮಾಡಲಿ?

ಉತ್ತರ: ಇವತ್ತಿನ ರಾತ್ರಿಯಿಂದಲೇ ಅವನ ಹೆಸರು ಬರೆಯುವುದನ್ನು ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು, ಇದನ್ನಲ್ಲ. ಸುತ್ತು ಹಾಕಿದವರ ಹೆಸರು ಪುಸ್ತಕದಲ್ಲಿದೆ ಎಂಬ ನಂಬಿಕೆಯ ಮೇಲೆ ನೂರಾರು ಜನ ಮೇಲಿನ ಡೆಕ್‌ಗಳಲ್ಲಿ ಮಲಗಿರುತ್ತಾರೆ. ಇಬ್ಬರ ಸುತ್ತು ಒಬ್ಬರೇ ಹಾಕಿದರೆ ನಾಳೆ ತೂಕಡಿಸುವವರು ನೀವು.

1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗೆ ಬಂದರಿನಿಂದ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಫೆರ್ರಿ ಮುಂಬಾಗಿಲು ತೆರೆದುಕೊಂಡೇ ಹೊರಟಿತು. ಬಾಗಿಲು ಮುಚ್ಚಬೇಕಿದ್ದ ಸಹಾಯಕ ಬೋಸನ್ ಕ್ಯಾಬಿನ್ನಿನಲ್ಲಿ ನಿದ್ರಿಸುತ್ತಿದ್ದ. ಅವನು ಬಂದು ಮುಚ್ಚುತ್ತಾನೆಂದುಕೊಂಡು ಅಧಿಕಾರಿ ಅಲ್ಲಿಂದ ಹೊರಟುಹೋದರು. ಬಾಗಿಲು ತೆರೆದಿದೆಯೆಂದು ತಿಳಿಸುವ ದೀಪ ಕ್ಯಾಪ್ಟನ್ನರ ಮುಂದೆ ಇರಲೇ ಇಲ್ಲ. ವಾಹನ ಡೆಕ್ಕಿಗೆ ನೀರು ನುಗ್ಗಿ, ಹಡಗು ಮಗುಚಿ, 193 ಮಂದಿ ಸತ್ತರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ತನಿಖೆ ಮಲಗಿದ್ದವನ ಬಳಿಯೇ ನಿಲ್ಲಲಿಲ್ಲ. ಕಂಪನಿಯ ಆಡಳಿತದವರೆಗೂ ಹೋಗಿ ತಪ್ಪನ್ನು ಗುರುತಿಸಿತು. ಹಾಗಾಗಿ ಗೆಳೆಯ ಮಲಗುತ್ತಾನೆ ಎಂಬುದರ ಜೊತೆಗೆ ಏಕೆ ಮಲಗುತ್ತಾನೆ ಎಂಬುದನ್ನೂ ನೀವು ಕೇಳಬೇಕು.

ಅದನ್ನು ತಿಳಿಯಲು ನಿಮಗಿರುವಷ್ಟು ಅನುಕೂಲ ವೈದ್ಯರಿಗೂ ಇಲ್ಲ. ಗೊರಕೆಯ ನಡುವೆ ಅವನ ಉಸಿರು ಕಟ್ಟಿದಂತಾಗುತ್ತದೆಯೇ? ಹಾಗಿದ್ದರೆ ಅದು ಚಿಕಿತ್ಸೆಯಿರುವ ಕಾಯಿಲೆ, ಸೋಮಾರಿತನವಲ್ಲ. ಕುಡಿಯುತ್ತಾನೆಯೇ? ಮನೆಯ ಚಿಂತೆಯೇ? ಅಥವಾ ಬಂದರು ಬಂದಾಗಲೆಲ್ಲ ಹಗ್ಗ ಹಿಡಿಯಲು ಎಬ್ಬಿಸಿ ನಿದ್ದೆಯನ್ನು ಚೂರುಚೂರು ಮಾಡುತ್ತಿದ್ದಾರೆಯೇ? 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದಲ್ಲಿರುವ ವಿಶ್ರಾಂತಿಯ ಲೆಕ್ಕ ಹೀಗಿದೆ: 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, 7 ದಿನಗಳಲ್ಲಿ 77 ಗಂಟೆ. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು 6 ಗಂಟೆಯಾದರೂ ಇರಬೇಕು. ಇಬ್ಬರೂ ನಿಮ್ಮ ವಿಶ್ರಾಂತಿ ದಾಖಲೆ ತೆಗೆದು ನೋಡಿ. ಮಲಗದ ಗಂಟೆಗಳಿಗೆಲ್ಲ ಸಹಿ ಹಾಕಿಕೊಟ್ಟಿದ್ದರೆ ಪುಸ್ತಕದ ಸುಳ್ಳು ನಿಮ್ಮಿಂದ ಶುರುವಾದದ್ದಲ್ಲ.

ಈ ಮಾತನ್ನು ಹಗ್ಗ ಬಿಗಿಯುವ ಗಡಿಬಿಡಿಯಲ್ಲಿ ಆಡಬೇಡಿ. ಪಾಳಿ ಮುಗಿದ ಮೇಲೆ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಆಡಿ. ‘ನೀನೇ ಬೋಸನ್‌ಗೆ ಹೇಳು, ನಾನೂ ಜೊತೆಗೆ ಬರುತ್ತೇನೆ’ ಎನ್ನಿ. ಪಾಳಿ ಬದಲಾವಣೆಯನ್ನೂ ವೈದ್ಯಕೀಯ ತಪಾಸಣೆಯನ್ನೂ ಕೇಳಿ. ಬೋಸನ್ ಕಿವಿಗೊಡದಿದ್ದರೆ ನೇರವಾಗಿ ಕ್ಯಾಪ್ಟನ್ನರ ಬಳಿ ದೂರು ಒಯ್ಯಬಹುದು. ದೂರಿತ್ತವರನ್ನು ಅದಕ್ಕಾಗಿ ಪೀಡಿಸುವಂತಿಲ್ಲವೆಂದು ಅದೇ ಒಪ್ಪಂದ ಹೇಳುತ್ತದೆ.

ಅವನ ಕೆಲಸ ಉಳಿದೇ ಉಳಿಯುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೆ ತಾನೇ ಹೋಗಿ ಹೇಳಿದವನಿಗೂ ಸಿಕ್ಕಿಬಿದ್ದವನಿಗೂ ಮೇಲಿನವರು ಒಂದೇ ನ್ಯಾಯ ಮಾಡುವುದು ಕಡಿಮೆ. ಅವನು ಬರಲು ಒಪ್ಪದಿದ್ದರೆ, ಮುಂದಿನ ರಾತ್ರಿ ಪಾಳಿಗೆ ಮೊದಲು ನೀವು ಒಬ್ಬರೇ ಹೋಗಿ, ಹೋಗುವುದನ್ನು ಅವನಿಗೆ ತಿಳಿಸಿಯೇ ಹೋಗಿ. ಸ್ವಲ್ಪ ದಿನ ಮಾತು ಬಿಟ್ಟಾನು, ಬಿಡಲಿ.