ಸಿಯಾಟಲ್‌ನ ಹೂಳು, ಹೊಳೆಬಾಗಿಲಿನ ಓದುಗ

ಪ್ರಿಯರೇ,

ನಮಸ್ಕಾರ. ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ಬಂದರಿನಲ್ಲಿದ್ದ ಪ್ಯೂಜೆಟ್ ಸೌಂಡ್ ಬ್ರಿಜ್ ಅಂಡ್ ಡ್ರೆಜಿಂಗ್ ಕಂಪನಿಯ ಚರಿತ್ರೆ ಕುರಿತು ನೀವು ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಕಳಿಸಿದ ಹದಿನಾಲ್ಕು ಪುಟ ತಲುಪಿದೆ. ಎರಡು ಸಲ ಓದಿದೆವು. ಈಗಿರುವ ಹಾಗೆ ಅಚ್ಚು ಹಾಕಲಾಗದು. ಬುಟ್ಟಿಗೂ ಹಾಕಿಲ್ಲ. ವಿಷಯ ಗಟ್ಟಿಯಿದೆ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ನಾಲ್ಕು ಪುಟ ಪೂರ್ತಿ ತೆಗೆಯಿರಿ. ಯಾರು ಅಧ್ಯಕ್ಷರಾದರು, ಯಾರು ಷೇರು ಕೊಂಡರು ಎಂಬುದು ಕಂಪನಿಯ ವಾರ್ಷಿಕ ವರದಿಗೆ ಬೇಕು, ನಮ್ಮ ಓದುಗರಿಗೆ ಬೇಡ. ಆಮೇಲೆ ಸೇತುವೆ, ಹೂಳೆತ್ತುವಿಕೆ, ಹಡಗು ಎಂದು ಮೂರು ಅಧ್ಯಾಯ ಮಾಡಿದ್ದೀರಿ. ಓದಿದರೆ ಮೂರು ಬೇರೆ ಕಂಪನಿಗಳ ಕಥೆಯಂತಿದೆ. ಸೇತುವೆ ಕಟ್ಟುವವನು ಹೂಳನ್ನೇಕೆ ಎತ್ತಿದ, ಹೂಳೆತ್ತುವವನು ಹಡಗನ್ನೇಕೆ ಕಟ್ಟಿದ? ಶರಾವತಿ ಹಿನ್ನೀರಿನಾಚೆಯ ತುಮರಿಯ ಓದುಗ ಕೇಳುವ ಮೊದಲ ಪ್ರಶ್ನೆ ಇದು. ಹದಿನಾಲ್ಕು ಪುಟದಲ್ಲಿ ಎಲ್ಲೂ ಉತ್ತರವಿಲ್ಲ.

ಉತ್ತರ ಇರುವುದು ಕೆಸರಿನಲ್ಲಿ. ಅಡಿಕೆ ಮರದ ಕಾಲುಸಂಕ ಹಾಕುವವನಿಗೆ ಎರಡು ದಡ ಗಟ್ಟಿಯಿದ್ದರೆ ಸಾಕು. ಉಬ್ಬರ ಇಳಿತದ ಜವುಗಿನಲ್ಲಿ ಸೇತುವೆ ಕಟ್ಟುವವನಿಗೆ ದಡವೇ ಇರುವುದಿಲ್ಲ. ಕಂಬದ ದಿಮ್ಮಿಯನ್ನು ನೆಲಕ್ಕೆ ಹೊಡೆಯುವ ಯಂತ್ರ ಬಾರ್ಜಿನ, ಅಂದರೆ ಚಪ್ಪಟೆ ತಳದ ದೋಣಿಯ, ಮೇಲೆ ನಿಲ್ಲಬೇಕು. ಇಳಿತದಲ್ಲಿ ಬಾರ್ಜು ಕೆಸರಿಗೆ ಕೂತರೆ ಆ ದಿನದ ಕೆಲಸ ಹೋಯಿತು. ಹಾಗಾಗಿ ಬಾರ್ಜು ತೇಲುವಷ್ಟು ಆಳಕ್ಕೆ ಕೆಸರು ತೆಗೆಯಬೇಕು. ತೆಗೆದದ್ದನ್ನು ಎಲ್ಲಾದರೂ ಸುರಿಯಬೇಕು. ಸುರಿದಲ್ಲಿ ನೆಲ ಏಳುತ್ತದೆ, ಅದೂ ಆಳದ ನೀರಿನ ಅಂಚಿನಲ್ಲೇ. ಬಾರ್ಜು, ಹೂಳೆತ್ತುವ ಡ್ರೆಜರುಗಳ ತಳ ರಿಪೇರಿಗೆ ಎಳೆದು ಹತ್ತಿಸುವ ಜಾರುಕಟ್ಟೆ ಹೇಗೂ ಬೇಕು. ಅದನ್ನು ಕಟ್ಟಿಕೊಂಡವನ ಬಳಿ ಬೇರೆಯವರೂ ದೋಣಿ ತರುತ್ತಾರೆ. ಈ ಸರಪಳಿ ಲೇಖನದ ಬೆನ್ನೆಲುಬಾಗಲಿ. ಇಸವಿಗಳು ಅದಕ್ಕೆ ಅಂಟಿಕೊಂಡು ಬರುತ್ತವೆ.

ಡುವಾಮಿಶ್ ನದಿಯ ಬಾಯಲ್ಲಿ ಈ ಕಂಪನಿ 1909ರಲ್ಲಿ ಮುಗಿಸಿದ ಹಾರ್ಬರ್ ಐಲೆಂಡ್‌ಗೆ ನೀವು ಕೊಟ್ಟದ್ದು ಎರಡು ಸಾಲು. 350 ಎಕರೆಯ ಕೃತಕ ದ್ವೀಪ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಮಣ್ಣು ಬಂದದ್ದು ಎರಡು ಕಡೆಯಿಂದ: ನಗರದ ಗುಡ್ಡಗಳನ್ನು ತಗ್ಗಿಸಿದಾಗ ಸಿಕ್ಕಿದ್ದು, ನದಿಯ ತಳದಿಂದ ತೆಗೆದದ್ದು. ಇದಕ್ಕೆ ಎರಡು ಪುಟ ಕೊಡಿ. ‘ಡ್ರೆಜಿಂಗ್ ನಡೆಸಲಾಯಿತು’ ಎಂದರೆ ನಮ್ಮವರ ಕಣ್ಣಿಗೆ ಬರುವುದು ಬೇಸಿಗೆಯಲ್ಲಿ ಒಣಗಿದ ಕೆರೆ, ಜೆಸಿಬಿ, ಟಿಪ್ಪರ್. ನೀರೊಳಗಿನ ಕೆಲಸ ಹಾಗಲ್ಲ. ಕೊರೆದು ಹೀರುವ ಡ್ರೆಜರಿನ ಮುಂದೆ ಏಣಿಯಂತೆ ಇಳಿಬಿಟ್ಟ ತೊಲೆ, ಅದರ ತುದಿಯಲ್ಲಿ ತಿರುಗುವ ಹಲ್ಲಿನ ತಲೆ. ಅದು ನೆಲವನ್ನು ಕೆದಕಿದಂತೆ ಪಕ್ಕದ ಕೊಳವೆಯ ಬಾಯಿ ಕೆಸರುನೀರನ್ನು ಹೀರುತ್ತದೆ. ಹಿಂಬದಿಯಲ್ಲಿ ಎರಡು ಗೂಟಗಾಲು. ಒಂದನ್ನು ನೆಲಕ್ಕೆ ನೆಟ್ಟು, ಎರಡು ಬದಿಯ ಲಂಗರಿನ ಹಗ್ಗವನ್ನು ಸರದಿಯಲ್ಲಿ ಎಳೆದರೆ ಇಡೀ ಯಂತ್ರ ಆ ಗೂಟದ ಸುತ್ತ ಕುಡುಗೋಲು ಬೀಸಿದಂತೆ ಅತ್ತಿತ್ತ ಹೊರಳುತ್ತದೆ. ಗೂಟ ಬದಲಿಸಿದರೆ ಒಂದು ಹೆಜ್ಜೆ ಮುಂದೆ.

ಕೊಳವೆಯಲ್ಲಿ ಹರಿಯುವುದರಲ್ಲಿ ಮಣ್ಣು ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು, ಉಳಿದದ್ದು ನೀರು. ಆಪರೇಟರನ ಜಾಣತನವೆಲ್ಲ ಈ ಅನುಪಾತದಲ್ಲಿದೆ. ನೀರು ಹೆಚ್ಚಾದರೆ ಡೀಸೆಲೋ ಕಲ್ಲಿದ್ದಲೋ ದಂಡ. ಮಣ್ಣು ಹೆಚ್ಚಾಗಿ ಹರಿವಿನ ವೇಗ ಕುಸಿದರೆ ಮರಳು ಕೊಳವೆಯ ತಳಕ್ಕೆ ಕೂತು ಕಟ್ಟಿಕೊಳ್ಳುತ್ತದೆ. ದಪ್ಪ ಮರಳಿಗೆ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ವೇಗ ಬೇಕು. ಕಟ್ಟಿಕೊಂಡ ಮೇಲೆ ಕೊಳವೆಯ ಕೀಲು ಬಿಚ್ಚಿ ತೊಳೆಯದೆ ಬೇರೆ ದಾರಿಯಿಲ್ಲ. ನದಿಯ ತಳದಲ್ಲಿ ಹೂತ ಮರದ ಬೊಡ್ಡೆಯೊಂದು ಪಂಪಿಗೆ ಸಿಕ್ಕರೂ ಅಷ್ಟೇ. ಸುರಿಯುವ ಕಡೆ ಏರಿ ಕಟ್ಟಿ ನೀರನ್ನು ಮೇಲಿನಿಂದ ಬಸಿಯುತ್ತಾರೆ. ಕೊಳವೆ ಬಾಯಿಯ ಹತ್ತಿರ ಮರಳು ಮೊದಲು ಕೂರುತ್ತದೆ, ನುಣ್ಣನೆಯ ಜೇಡಿ ದೂರ ಹೋಗಿ ಕೊನೆಗೆ ಕೂರುತ್ತದೆ. ಅಡಿಕೆ ತೋಟಕ್ಕೆ ಗೋಡು ಮಣ್ಣು ಹೊಡೆಸಿದವರಿಗೆ ಹೊಸ ಮಣ್ಣು ಇಳಿಯುವುದು ಗೊತ್ತು. ಇಲ್ಲಿ ಇನ್ನೊಂದು ಅಪಾಯವಿದೆ. ನೀರು ತುಂಬಿದ ಸಡಿಲ ಮರಳು ಭೂಕಂಪದಲ್ಲಿ ಅಲುಗಾಡಿದರೆ ಗಟ್ಟಿ ನೆಲದಂತೆ ವರ್ತಿಸುವುದಿಲ್ಲ, ಅಂಬಲಿಯಾಗುತ್ತದೆ. 2001ರ ಫೆಬ್ರವರಿ 28ರ ಭೂಕಂಪದಲ್ಲಿ ಹಾರ್ಬರ್ ಐಲೆಂಡಿನಲ್ಲಿ ನೆಲದಿಂದ ಮರಳು ನೀರು ಉಕ್ಕಿತು. ತೊಂಬತ್ತು ವರ್ಷ ಹಿಂದಿನ ಕೆಲಸದ ಗುಣ ಆ ದಿನ ಮೇಲೆ ಬಂತು. ಇದು ನಿಮ್ಮ ಲೇಖನದಲ್ಲಿ ಇರಲೇಬೇಕು.

ಇನ್ನು ಸಿಯಾಟಲ್‌ನ ವಾಷಿಂಗ್ಟನ್ ಸರೋವರದ ಮೇಲೆ 1940ರಲ್ಲಿ ತೆರೆದ ತೇಲುವ ಸೇತುವೆ. ‘ಕಾಂಕ್ರೀಟ್ ಪವಾಡದಂತೆ ತೇಲಿತು’ ಎಂದು ಬರೆದಿದ್ದೀರಿ. ಪವಾಡ ಬೇಡ, ಲೆಕ್ಕ ಮಾಡಿ. ಸೇತುವೆಯನ್ನು ಹೊತ್ತು ತೇಲುವ ಪಾಂಟೂನುಗಳಲ್ಲಿ ಸಾಮಾನ್ಯವಾದದ್ದು 350 ಅಡಿ ಉದ್ದ, 59 ಅಡಿ ಅಗಲ, ಹದಿನಾಲ್ಕೂವರೆ ಅಡಿ ಎತ್ತರದ ಟೊಳ್ಳು ಪೆಟ್ಟಿಗೆ. ಮೀಟರಿನಲ್ಲಿ ತಳದ ವಿಸ್ತೀರ್ಣ ಸುಮಾರು 1,900 ಚದರ ಮೀಟರ್. ಅದು ಅರ್ಧದಷ್ಟು, ಅಂದರೆ ಏಳಡಿ ಮುಳುಗಿದರೆ ಪಕ್ಕಕ್ಕೆ ಸರಿಸುವ ನೀರು 4,000 ಟನ್ನಿಗೂ ಮೇಲೆ. ಪೆಟ್ಟಿಗೆಯ ತೂಕ ಅಷ್ಟರೊಳಗಿದ್ದರೆ ಅದು ಅಲ್ಲಿಗಿಂತ ಕೆಳಗೆ ಇಳಿಯುವುದಿಲ್ಲ. ತಾಮ್ರದ ಕಾಸು ಮುಳುಗುವ ನೀರಿನಲ್ಲಿ ತಾಮ್ರದ ಹಂಡೆ ತೇಲುವುದನ್ನು ನೋಡಿದವರಿಗೆ ಇಷ್ಟು ಸಾಕು.

ನಿಮ್ಮ ಸರಪಳಿಯ ಕೊನೆಯ ಕೊಂಡಿ ಇಲ್ಲೇ ಇದೆ, ನೀವು ಗಮನಿಸಿಲ್ಲ. ಈ ಪೆಟ್ಟಿಗೆಗಳನ್ನು ಹಾರ್ಬರ್ ಐಲೆಂಡಿನ ಹೊಂಡಗಳಲ್ಲಿ ಎರಕ ಹೊಯ್ದು, ನೀರು ಬಿಟ್ಟು ತೇಲಿಸಿ, ಟಗ್ ದೋಣಿಗಳಿಂದ ಎಳೆದು, 80 ಅಡಿ ಅಗಲದ ಬಲ್ಲಾರ್ಡ್ ಲಾಕಿನಲ್ಲಿ (ನೀರು ಏರಿಸಿ ಇಳಿಸಿ ಹಡಗು ದಾಟಿಸುವ, ಬಾಗಿಲು ಹಾಕಿದ ಕಾಲುವೆ) ತೂರಿಸಿ ವಾಷಿಂಗ್ಟನ್ ಸರೋವರಕ್ಕೆ ಒಯ್ದರು. ಹೂಳಿನಿಂದ ಎದ್ದ ನೆಲದ ಮೇಲೆ ಹಡಗಿನ ವಿದ್ಯೆಯಿಂದ ಕಟ್ಟಿದ ಸೇತುವೆ! ಎಂಜಿನ್ ಇಲ್ಲದ ಹಡಗೇ ಅದು. ಮೂರು ಅಧ್ಯಾಯ ಒಂದಾಗುವುದು ಈ ಹೊಂಡದಲ್ಲಿ. ಲೇಖನ ಇಲ್ಲಿಂದಲೇ ಶುರುವಾದರೂ ಚೆಂದ.

ತೇಲುವ ಸೇತುವೆಯೇ ಏಕೆ ಎಂಬುದನ್ನೂ ಬರೆಯಿರಿ. ಸರೋವರದ ಆಳ 200 ಅಡಿ ಮೀರುತ್ತದೆ, ಅದರ ಕೆಳಗೆ ಮತ್ತೂ ಮೆತ್ತನೆಯ ಹೂಳು. ಕಂಬ ಊರಲು ನೆಲ ಸಿಗದು. ಆದರೆ ಆಳವೊಂದೇ ಕಾರಣವಲ್ಲ. ಆ ಸರೋವರದ ಮಟ್ಟವನ್ನು ಲಾಕಿನ ಬಾಗಿಲಿನಿಂದ ಹಿಡಿದಿಡುತ್ತಾರೆ, ವರ್ಷವಿಡೀ ಏರಿಳಿತ ಸುಮಾರು ಎರಡು ಅಡಿ. ನಮ್ಮ ಶರಾವತಿ ಹಿನ್ನೀರು ಹಾಗಲ್ಲ. ಲಿಂಗನಮಕ್ಕಿ ತುಂಬಿದಾಗ 1,819 ಅಡಿ, ಮಳೆ ಕೈಕೊಟ್ಟ ವರ್ಷದ ಬೇಸಿಗೆ ಕೊನೆಗೆ ಅದಕ್ಕಿಂತ ಐವತ್ತಡಿಗೂ ಕೆಳಗೆ. ನೀರು ಇಳಿದಾಗ ಹೊಳೆಬಾಗಿಲಿನಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿ ತೇಲುಸೇತುವೆ ಹಾಕಿದ್ದರೆ ಬೇಸಿಗೆಯಲ್ಲಿ ಅದರ ಎರಡು ತುದಿಯೂ ಬಾವಿಗೆ ಇಳಿದಂತಾಗುತ್ತಿತ್ತು. 2025ರ ಜುಲೈ 14ರಂದು ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಕಂಬ ಮತ್ತು ಕೇಬಲ್ಲಿನ ಮೇಲೆ ನಿಂತಿದೆ. 2.44 ಕಿಲೋಮೀಟರಿನ ಅದಕ್ಕೂ ಸುಮಾರು ಎರಡು ಕಿಲೋಮೀಟರಿನ ಸಿಯಾಟಲ್ ಸೇತುವೆಗೂ ಉದ್ದದಲ್ಲಿ ಅಣ್ಣತಮ್ಮಂದಿರ ಅಂತರ, ನೀರಿನ ಸ್ವಭಾವದಲ್ಲಿ ನೆಂಟಸ್ತಿಕೆಯೇ ಇಲ್ಲ. ಇದನ್ನು ನೀವಲ್ಲದೆ ಸಿಯಾಟಲ್‌ನವರು ಬರೆಯುವುದಿಲ್ಲ.

ತಪ್ಪುಗಳ ಮಾತು. ಟಕೋಮಾ ನ್ಯಾರೋಸ್ ತೂಗುಸೇತುವೆಯನ್ನೂ ಇದೇ ಕಂಪನಿಯ ತಲೆಗೆ ಕಟ್ಟಿದ್ದೀರಿ. ಅದು ಇವರದಲ್ಲ, ಪೆಸಿಫಿಕ್ ಬ್ರಿಜ್ ಎಂಬ ಬೇರೆ ಗುತ್ತಿಗೆದಾರರದು. ಗೊಂದಲ ಹುಟ್ಟಿದ್ದೆಲ್ಲಿ ಎಂದು ಊಹಿಸಬಹುದು. ಅದು ತೆರೆದದ್ದು 1940ರ ಜುಲೈ 1, ತೇಲುಸೇತುವೆ ಮರುದಿನ. ಟಕೋಮಾದ್ದು ಅದೇ ವರ್ಷದ ನವೆಂಬರ್ 7ರಂದು ಗಾಳಿಗೆ ಬಿತ್ತು. ತೇಲುಸೇತುವೆಯ ಕೆಲಸವನ್ನೂ ನಿಮ್ಮ ಕಂಪನಿ ಒಂಟಿಯಾಗಿ ಮಾಡಲಿಲ್ಲ, ಹಲವರು ಸೇರಿದ ಗುತ್ತಿಗೆ ಕೂಟಕ್ಕೆ ಮುಂದಾಳಾಗಿತ್ತು.

‘ಕಳಪೆ ಕಾಮಗಾರಿಯಿಂದ ಸೇತುವೆ ಮುಳುಗಿತು’ ಎಂಬ ಸಾಲನ್ನಂತೂ ಇಂದೇ ಹೊಡೆದು ಹಾಕಿ. ಮುಳುಗಿದ್ದು 1990ರ ನವೆಂಬರ್ 25ರಂದು, ಐವತ್ತು ವರ್ಷ ದುಡಿದ ಮೇಲೆ, ನವೀಕರಣ ನಡೆಯುತ್ತಿದ್ದಾಗ. ಹಳೆ ಕಾಂಕ್ರೀಟನ್ನು ರಭಸದ ನೀರಿನಿಂದ ಕೆತ್ತುತ್ತಿದ್ದರು. ಆ ಕೊಳೆ ನೀರನ್ನು ಸರೋವರಕ್ಕೆ ಬಿಡುವಂತಿರಲಿಲ್ಲವಾದ್ದರಿಂದ ಪಾಂಟೂನುಗಳ ಹೊಟ್ಟೆಯಲ್ಲೇ ತುಂಬಿಟ್ಟರು. ಕೆಲಸಕ್ಕೆಂದು ತೆರೆದ ಬಾಯಿಗಳು ಹಾಗೇ ಇದ್ದವು. ರಜೆಯ ವಾರಾಂತ್ಯದಲ್ಲಿ ಬಿರುಗಾಳಿ ಮಳೆ ಬಂತು. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ: ಒಳಗೆ ನೀರು ಸೇರಿದಷ್ಟೂ ಪೆಟ್ಟಿಗೆ ಇಳಿಯುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಬಂದ ಮೇಲೆ ತಡೆಯುವವರಿಲ್ಲ. ಒಂದು ಮುಳುಗುವಾಗ ಪಕ್ಕದ್ದನ್ನೂ ಎಳೆದುಕೊಂಡಿತು. ಮೂಲ ವಿನ್ಯಾಸದ ನಿಜವಾದ ದೋಷ ಹುಡುಕುವಿರಾದರೆ ನಡುವಿನ ಸರಿಯುವ ಭಾಗ ನೋಡಿ. ಹಡಗಿಗೆ ದಾರಿ ಬಿಡಲು ರಸ್ತೆಯ ತುಂಡೊಂದು ಹಿಂದಕ್ಕೆ ಸರಿದು ಪಾಂಟೂನಿನ ನಡುವೆ ಸೇರುತ್ತಿತ್ತು, ಅದಕ್ಕಾಗಿ ಅಲ್ಲಿ ರಸ್ತೆ ಹೊಟ್ಟೆ ಉಬ್ಬಿದಂತೆ ಎರಡಾಗಿ ಸುತ್ತುತ್ತಿತ್ತು. ಅಪಘಾತಗಳ ತಾಣವಾಗಿ 1981ರಲ್ಲಿ ಅದನ್ನು ತೆಗೆದರು.

ಮಿಲಿಯನ್ ಅಂದರೆ ಹತ್ತು ಲಕ್ಷ. ನಿಮ್ಮ ಸೇತುವೆ 9 ಲಕ್ಷ ಡಾಲರಿಗೆ ಮುಗಿದಿದೆ. ನಿಜದಲ್ಲಿ ಸುಮಾರು 90 ಲಕ್ಷ. ಅದನ್ನು ಇಂದಿನ ದರದಲ್ಲಿ ರೂಪಾಯಿಗೆ ತಿರುಗಿಸಿದ್ದು ಎರಡನೆಯ ತಪ್ಪು, 1940ರಲ್ಲಿ ಡಾಲರಿಗೆ ಮೂರು ರೂಪಾಯಿ ಚಿಲ್ಲರೆ. ಡಾಲರಿನಲ್ಲೇ ಬಿಡಿ.

ಹಡಗಿನ ಭಾಗ ಚಿಕ್ಕದಾದರೂ ನಡೆಯುತ್ತದೆ. 1954ರ ‘ಎವರ್‌ಗ್ರೀನ್ ಸ್ಟೇಟ್’ ಫೆರ್ರಿ, 1959ರಲ್ಲಿ ಕಂಪನಿಯನ್ನು ವಿಮಾನ ತಯಾರಕ ಲಾಕ್‌ಹೀಡ್ ಕೊಂಡದ್ದು, ಆಮೇಲೆ ಹೆಸರು ಬದಲಾದದ್ದು, 1976ರಲ್ಲಿ ಸೇವೆಗೆ ಸೇರಿದ ಹಿಮ ಒಡೆಯುವ ಹಡಗು ‘ಪೋಲಾರ್ ಸ್ಟಾರ್’, 1980ರ ದಶಕದ ಕೊನೆಗೆ ಹಡಗು ಕಟ್ಟುವ ಅಂಗಳ ಮುಚ್ಚಿದ್ದು. ಒಂದು ಪುಟ ಸಾಕು. ಆದರೆ ಫೆರ್ರಿಯ ಹತ್ತಿರ ನಿಲ್ಲಿ. ಸೇತುವೆಯ ಟೋಲ್ ತೆಗೆದ ಮರುವರ್ಷ, 1950ರಲ್ಲಿ, ವಾಷಿಂಗ್ಟನ್ ಸರೋವರದ ವಾಹನ ಫೆರ್ರಿ ನಿಂತಿತು. ನಾಲ್ಕೇ ವರ್ಷದಲ್ಲಿ ಅದೇ ಕಂಪನಿ ಸಮುದ್ರದ ಕಡೆಗೆ ಫೆರ್ರಿ ಕಟ್ಟಿಕೊಟ್ಟಿತು. ಲಾಂಚಿನ ಸಾಲಿನಲ್ಲಿ ಬಸ್ಸು ಕಾದ ಊರಿನವರು ಇದನ್ನು ಸುಮ್ಮನೆ ದಾಟಲಾರರು.

ಭಾಷೆಯ ಬಗ್ಗೆ ಒಂದೇ ಮಾತು. ‘ಮಾಡಲ್ಪಟ್ಟಿತು’, ‘ನಿರ್ಮಿಸಲ್ಪಟ್ಟಿತು’ ಎಣಿಸಿದೆವು, ನಲವತ್ತೊಂದು ಇವೆ. ಯಾರು ಮಾಡಿದರು ಎಂದು ಬರೆಯಿರಿ, ಅರ್ಧ ತಾನಾಗಿ ಉದುರುತ್ತವೆ.

ಎಂಟು ಪುಟಕ್ಕೆ ಇಳಿಸಿ ಕಳಿಸಿ. ಇಂಟರ್ನೆಟ್ಟಿನಿಂದ ತೆಗೆದ ಫೋಟೊಗಳು ಬೇಡ, ಹಕ್ಕಿನ ತಕರಾರು. ಬದಲಿಗೆ ಎರಡು ಚಿತ್ರ ಕೈಯಲ್ಲೇ ಬರೆಯಿರಿ: ಡ್ರೆಜರು ಗೂಟದ ಸುತ್ತ ಹೊರಳುವುದು ಮೇಲಿನಿಂದ ಕಂಡಂತೆ, ಪಾಂಟೂನನ್ನು ಅಡ್ಡ ಕೊಯ್ದರೆ ಕಾಣುವ ಕೋಣೆಗಳು. ಎರಡನೆಯದರಲ್ಲಿ ನೀರಿನ ಗೆರೆ ಏಳಡಿಯಲ್ಲಿ ಬರಲಿ.