‘ಈ ಸಲ ಅಕ್ಕೈತಿ’ ಅನ್ನುವುದು ನಿರೀಕ್ಷೆಯೇ?

ಹುಬ್ಬಳ್ಳಿಯಲ್ಲಿ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಇದು ನನ್ನ ಹತ್ತಿರ ಸಲಹೆಗೆ ಬಂದ ಒಬ್ಬ ತಾಯಿಯ ಕಥೆ. ಮನೆಯ ವಿವರ, ದುಡ್ಡಿನ ಲೆಕ್ಕ ಎಲ್ಲ ಬದಲಿಸಿದ್ದೇನೆ. ಬರೆಯಿರಿ ಅಂತ ಅವರೇ ಹೇಳಿದ್ದಾರೆ. ಕೆಲಸವನ್ನು ಮಾತ್ರ ಬದಲಿಸಲಿಲ್ಲ, ಬದಲಿಸಿದರೆ ಅವರು ಆಡಿದ ಒಂದು ಮಾತಿಗೆ ಅರ್ಥವೇ ಉಳಿಯುವುದಿಲ್ಲ. ನಮ್ಮ ಕಡೆ ನಿವೃತ್ತ ನರ್ಸ್‌ಗಳಿಗೇನು ಬರವಿಲ್ಲ, ಗುರುತು ಸಿಗಲಿಕ್ಕಿಲ್ಲ. ದವಾಖಾನೆಯಲ್ಲಿ ಎಲ್ಲರೂ ಕರೆದ ಹಾಗೆ ನಾನೂ ಅವರನ್ನು ಸಿಸ್ಟರ್ ಅನ್ನುತ್ತೇನೆ.

ಸಿಸ್ಟರ್‌ಗೆ ಅರವತ್ತು ದಾಟಿದೆ. ಗಂಡ ಇಲ್ಲ. ಇಪ್ಪತ್ತೊಂಬತ್ತರ ಮಗ ಒಬ್ಬನೇ. ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಆಡುತ್ತಾನೆ. ಮೊದಲು 80 ಸಾವಿರ ಸಾಲ, ಆಮೇಲೆ 2 ಲಕ್ಷ, ಆಮೇಲೆ ನಾಲ್ಕೂವರೆ ಲಕ್ಷ. ಮೂರೂ ಸಲ ತಾಯಿ ಕಟ್ಟಿದ್ದಾರೆ. ನಿವೃತ್ತಿಯ ದುಡ್ಡು ಕರಗಿದೆ, ಬಳೆ ಅಡವಿಗೆ ಹೋಗಿವೆ. ಈಗ ನಾಲ್ಕನೆಯ ಸಾಲ. ಮನೆ ಮಾರಬೇಕೋ ಬೇಡವೋ ಅಂತ ಕೇಳಲು ಗದಗಿನಿಂದ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದಿದ್ದರು. ತಮ್ಮೂರಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಇಷ್ಟು ದೂರ.

ಇಂಥ ತಾಯಂದಿರು ನನಗೆ ಹೊಸಬರಲ್ಲ. 2025ರಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಒಳ್ಳೆಯದೇ. ಆದರೆ ಚಟ ಹತ್ತಿದವನು ಕಾನೂನು ಓದಿ ಬಿಡುವುದಿಲ್ಲ, ಇನ್ನೊಂದು ದಾರಿ ಹುಡುಕುತ್ತಾನೆ. ಈ ಪ್ರಕರಣ ನನ್ನನ್ನು ಕಾಡಿದ್ದು ಬೆಟ್ಟಿಂಗ್‌ಗಾಗಿ ಅಲ್ಲ. ಸಿಸ್ಟರ್ ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದ ಒಂದು ಮಾತಿಗಾಗಿ: “ನಿರೀಕ್ಷಾ ಬಿಡಬಾರದಲ್ಲ್ರಿ ಮೇಡಮ್ಮಾರ.”

ನಾನು ಕ್ರೈಸ್ತಳು. ಆದರೆ ನನ್ನ ಮೇಜಿನ ಮೇಲೆ ಬೈಬಲ್ ಇಡುವುದಿಲ್ಲ. ನನ್ನ ಹತ್ತಿರ ಲಿಂಗಾಯತರು ಬರುತ್ತಾರೆ, ಮುಸ್ಲಿಮರು ಬರುತ್ತಾರೆ, ದೇವರೇ ಬೇಡ ಅನ್ನುವವರೂ ಬರುತ್ತಾರೆ. ಸಲಹೆ ಕೊಡುವವರ ನಂಬಿಕೆ ಬಂದವರ ತಲೆಗೆ ಏರಬಾರದು, ಇದು ನಮ್ಮ ವೃತ್ತಿಯ ಮೊದಲ ಪಾಠ. ಇಲ್ಲಿ ನಾನು ಅದನ್ನು ಮುರಿದೆ ಅಂತ ಕೆಲವು ಸಹೋದ್ಯೋಗಿಗಳು ಅಂದುಕೊಂಡಿದ್ದಾರೆ. ಮುರಿದಿಲ್ಲ ಅಂತಲೇ ನನ್ನ ವಾದ. ಆ ಮಾತನ್ನು ಕೋಣೆಯೊಳಗೆ ತಂದವರು ಸಿಸ್ಟರ್. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಕ್ರೈಸ್ತ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಗದಗಿನ ಪಕ್ಕದ ಬೆಟಗೇರಿಗೂ ಬಂದು ಕಟ್ಟಿದ ಚರ್ಚ್ ಸಭೆಗಳಿವೆಯಲ್ಲ, ಸಿಸ್ಟರ್ ಮನೆತನ ಅಲ್ಲಿಯದು, ನಮ್ಮದೂ ಅಲ್ಲಿಯದೇ. ತಲೆಮಾರುಗಳಿಂದ ಒಂದೇ ಕನ್ನಡ ಬೈಬಲ್ ಓದಿದವರು ನಾವು. ಅವರು ‘ನಿರೀಕ್ಷೆ’ ಅಂದಾಗ ನಾನು ‘ಅದು ನನ್ನ ವಿಷಯವಲ್ಲ’ ಅಂತ ಸುಮ್ನೆ ಕೂತಿದ್ದರೆ ಅದೇ ತಪ್ಪಾಗುತ್ತಿತ್ತು.

ಮೊದಲ ಮೂರು ಭೇಟಿ ಲೆಕ್ಕ ಬರೆಯುವುದರಲ್ಲೇ ಹೋದವು. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾರು ಮನೆಗೆ ಬಂದು ಕೂಗಾಡುತ್ತಾರೆ. ನಾಲ್ಕನೆಯ ಭೇಟಿಯಲ್ಲಿ ಕೇಳಿದೆ: “ಮೂರು ಸಲ ಕಟ್ಟಿದ್ದೀರಿ. ನಾಲ್ಕನೇ ಸಲ ಕಟ್ಟಬೇಕು ಅಂತ ಯಾಕೆ ಅನಿಸುತ್ತದೆ?”

ಅವರು ತಡಮಾಡದೆ ಹೇಳಿದರು: “ಈ ಸಲ ಅಕ್ಕೈತಿ ಅನಸ್ತೈತ್ರಿ. ಇಷ್ಟ ಕೊಟ್ಟೇನಿ. ಈಗ ಕೈ ಬಿಟ್ರ ಕೊಟ್ಟಿದ್ದೆಲ್ಲಾ ನೀರಾಗ ಹೋಕ್ಕೈತಿ. ಇದೊಂದ ಸಲ ದಾಟಿದ್ರ ಎಲ್ಲಾ ಸರಿ ಅಕ್ಕೈತಿ.”

ನಾನು ಮೂರೂ ಮಾತನ್ನು ಹಾಳೆಯ ಮೇಲೆ ಬರೆದುಕೊಂಡೆ. ಬರೆಯುವಾಗಲೇ ಎಲ್ಲೋ ಕೇಳಿದ ಹಾಗೆ ಅನಿಸಿತು. ಹಾಳೆಯನ್ನು ಅವರ ಕಡೆ ತಿರುಗಿಸಿದೆ. “ಸಿಸ್ಟರ್, ಇದನ್ನು ಒಮ್ಮೆ ಓದಿ. ನಿಮ್ಮ ಮನೆಯಲ್ಲಿ ಇಂಥ ಮಾತು ಇನ್ನ್ಯಾರು ಆಡುತ್ತಾರೆ?”

ಅವರು ಚಾಳೀಸು ಹಾಕಿಕೊಂಡು ಓದಿದರು. ಎರಡನೇ ಸಲ ಓದಿದರು. ಚಾಳೀಸು ತೆಗೆದು ಸೆರಗಿನಿಂದ ಒರೆಸಿದರು. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಅದು ಹತ್ತಿ ಹೋಗುವವರೆಗೂ ಅವರು ಮಾತಾಡಲಿಲ್ಲ.

“ಇದು ನನ್ನ ಮಗನ ಮಾತ್ರಿ,” ಅಂದರು. ಆಮೇಲೆ, “ಹಂಗಾದ್ರ ನಾನೂ ಆಡಾಕತ್ತೇನಿ.”

ಈ ಕೆಲಸಕ್ಕೆ ಬಂದ ಮೇಲೆ ನಾನು ಕೇಳಿದ ಮಾತುಗಳಲ್ಲಿ ಇದು ಮರೆಯದ್ದು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹೋದ ದುಡ್ಡನ್ನು ವಾಪಸ್ ತರಲು ಇನ್ನಷ್ಟು ಕಟ್ಟುವುದು ಜೂಜಿನ ಚಟದ ದೊಡ್ಡ ಗುರುತು. ಇವತ್ತು ವೈದ್ಯಶಾಸ್ತ್ರ ಈ ಚಟವನ್ನು ಕಾಯಿಲೆ ಅಂತಲೇ ಹೆಸರಿಸಿದೆ. ಮಗ ಪಂದ್ಯದ ಮೇಲೆ ಕಟ್ಟುತ್ತಿದ್ದ. ತಾಯಿ ಮಗನ ಮೇಲೆ ಕಟ್ಟುತ್ತಿದ್ದರು.

ಆದರೆ ಅವರ ಮುಂದಿನ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. “ಹಂಗಾದ್ರ ನಿರೀಕ್ಷಾ ಬಿಡ್ಲೇನ್ರಿ?”

ಇಲ್ಲಿ ನಮ್ಮ ಭಾಷೆಯ ಒಂದು ತೊಡಕಿದೆ. ಪೇಪರಿನಲ್ಲಿ ನಾವು ಏನು ಓದುತ್ತೇವೆ? ಮುಂದಿನ ವಾರ ಮಳೆ ನಿರೀಕ್ಷೆ. ಈ ಸಲ ಒಳ್ಳೆ ಫಲಿತಾಂಶದ ನಿರೀಕ್ಷೆ. ಅಲ್ಲಿ ನಿರೀಕ್ಷೆ ಅಂದರೆ ಅಂದಾಜು. ಹೀಗಾಗಬಹುದು ಅನ್ನುವ ಲೆಕ್ಕಾಚಾರ. ಬೈಬಲಿನಲ್ಲೂ ಅದೇ ಪದ ಇದೆ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದ ಕೊನೆಗೆ ನಂಬಿಕೆ, ನಿರೀಕ್ಷೆ, ಪ್ರೀತಿ ಈ ಮೂರು ನಿಲ್ಲುತ್ತವೆ ಅಂತಾನಲ್ಲ, ಅಲ್ಲಿ. ಪದ ಒಂದೇ ಆಗಿರುವುದರಿಂದ ಪೇಪರಿನ ಅರ್ಥವನ್ನೇ ಚರ್ಚಿಗೂ ಹೊತ್ತುಕೊಂಡು ಹೋಗುತ್ತೇವೆ. ‘ನಿರೀಕ್ಷೆ ಇಡು’ ಅಂದರೆ ‘ಆಗೇ ಆಗುತ್ತದೆ ಅಂತ ಅಂದುಕೋ’ ಅಂತ ಕೇಳಿಸಿಕೊಳ್ಳುತ್ತೇವೆ. ಆಗದಿದ್ದರೆ? ನಿನ್ನ ನಂಬಿಕೆಯೇ ಸಾಲದು ಅನ್ನುತ್ತಾರೆ. ಸಿಸ್ಟರ್‌ಗೆ ಒಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಹಾಗೆ ಅಂದಿದ್ದರು ಕೂಡ. ಆ ಮಾತು ಕೇಳಿ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ.

ನಾನು ಅವರಿಗೆ ಹೇಳಿದೆ: ಪೇತ್ರನ ಮೊದಲ ಪತ್ರದ ಶುರುವಿನಲ್ಲೇ ಜೀವವುಳ್ಳ ನಿರೀಕ್ಷೆ ಅಂತ ಬರುತ್ತದೆ. ಅದು ಎಲ್ಲಿಂದ ಹುಟ್ಟಿತು ಅಂತಾನೆ? ಯೇಸು ಸತ್ತವರೊಳಗಿಂದ ಎದ್ದದ್ದರಿಂದ. ಅಂದರೆ ಅದು ಆಗಲೇ ಆಗಿಹೋದ ಒಂದು ಕೆಲಸದ ಮೇಲೆ ನಿಂತಿದೆ. ನಿಮ್ಮ ಮಗ ನಾಳೆ ಏನು ಮಾಡುತ್ತಾನೆ ಅನ್ನುವುದರ ಮೇಲೆ ನಿಂತಿಲ್ಲ.

“ಅಂದ್ರ ಅಂವಾ ಸುಧಾರಿಸದಿದ್ರೂ?”

“ಸುಧಾರಿಸದಿದ್ದರೂ.”

ಅವರ ಮುಖ ಗಟ್ಟಿಯಾಯಿತು. ತಾಯಿಗೆ ಹೇಳುವ ಮಾತಾ ಇದು ಅಂತ ನನಗೂ ಅನಿಸಿತು, ಆದರೆ ಹಿಂದಕ್ಕೆ ತಗೊಳ್ಳಲಿಲ್ಲ. ಅವರೂ ಬಿಡಲಿಲ್ಲ. ಭಾನುವಾರ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ಹೆಂಗಸು. “ಲೂಕನ 15ನೇ ಅಧ್ಯಾಯದಾಗ ಕುರಬ ತೊಂಬತ್ತೊಂಬತ್ತ ಕುರಿ ಬಿಟ್ಟ ಒಂದನ್ನ ಹುಡಿಕ್ಕೊಂಡ ಹೋಗಲಿಲ್ಲೇನ್ರಿ? ನಾ ಹೋಗೂದು ತಪ್ಪೇನು?”

“ಹೋದ. ಆದರೆ ತೋಳಕ್ಕೆ ರೊಕ್ಕ ಕೊಡಲಿಲ್ಲ,” ಅಂದೆ. ಚಾಲಾಕಿ ಮಾತು. ಆಡಿದ ತಕ್ಷಣ ನಾಚಿಕೆಯಾಯಿತು, ಯಾಕೆಂದರೆ ಅವರ ಪ್ರಶ್ನೆ ನಿಜವಾದದ್ದು. ಹಾಗಾಗಿ ಅದೇ ಅಧ್ಯಾಯವನ್ನು ಇಬ್ಬರೂ ಕೂಡಿ ಮುಂದೆ ನೋಡಿದೆವು. ಫೋನಿನಲ್ಲಿ, ಯಾಕೆಂದರೆ ಆಗಲೇ ಹೇಳಿದೆನಲ್ಲ, ಮೇಜಿನ ಮೇಲೆ ಬೈಬಲ್ ಇಲ್ಲ. ಅಲ್ಲಿ ಮೂರು ಕಥೆ ಇವೆ. ಕಳೆದ ಕುರಿ, ಕಳೆದ ಬೆಳ್ಳಿ ನಾಣ್ಯ, ಮನೆ ಬಿಟ್ಟು ಹೋದ ಮಗ. ಕುರಿಯನ್ನು ಹುಡುಕಿಕೊಂಡು ಹೋಗುತ್ತಾರೆ, ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುತ್ತಾರೆ. ಮಗನನ್ನು ಹುಡುಕಿಕೊಂಡು ಅಪ್ಪ ಆ ದೂರದೇಶಕ್ಕೆ ಹೋದ ಅಂತ ಎಲ್ಲಿಯೂ ಇಲ್ಲ. ಬರ ಬಿದ್ದು ಮಗ ಹಂದಿ ಕಾಯುತ್ತಿದ್ದಾಗ ಮನೆಯಿಂದ ರೊಕ್ಕ ಹೋದ ಸುದ್ದಿಯೂ ಇಲ್ಲ. ಆದರೆ ಮಗ ಇನ್ನೂ ದೂರ ಇರುವಾಗಲೇ ಅಪ್ಪ ಅವನನ್ನು ಕಂಡ, ಓಡಿಹೋಗಿ ಅಪ್ಪಿಕೊಂಡ ಅಂತ ಇದೆ.

“ದೂರ ಇದ್ದಾಗ್ಲೇ ಕಂಡ ಅಂದ್ರ,” ಅಂದರು ಸಿಸ್ಟರ್, “ದಿನಾ ಹಾದಿ ನೋಡತಿದ್ನೇನೋ.”

ನಿರೀಕ್ಷೆ ಅನ್ನುವ ಪದದೊಳಗೆ ಇರುವುದು ಅದೇ. ‘ಈಕ್ಷಿಸು’ ಅಂದರೆ ನೋಡು. ಹಾದಿ ನೋಡುವುದಕ್ಕೂ ರೊಕ್ಕ ಕಳಿಸುವುದಕ್ಕೂ ಇರುವ ಅಂತರವನ್ನು ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಇಷ್ಟಾದರೂ ಇನ್ನೊಂದು ಗಂಟು ಉಳಿದಿತ್ತು. ರೋಮಾದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಅವರಿಗೆ ಬಾಯಿಪಾಠ. ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಗುಣ, ಆ ಗುಣದಿಂದ ನಿರೀಕ್ಷೆ. ಆ ಕ್ರಮವನ್ನು ತಾವು ಅನುಭವಿಸುತ್ತಿದ್ದೇನೆ ಅಂತ ಅವರ ಭಾವನೆ. “ಕಷ್ಟ ನಾ ತಗೊಂಡೇನಲ್ಲ್ರಿ.” ಹೌದು, ತಗೊಂಡಿದ್ದರು. ಮಗನ ಪಾಲಿನದನ್ನೂ ತಗೊಂಡಿದ್ದರು. ಆ ಸಾಲಿನ ಮೊದಲ ಮೆಟ್ಟಿಲನ್ನೇ ಅವನ ಕಾಲಿನಿಂದ ಎಳೆದುಕೊಂಡರೆ ಅವನು ಕೊನೆಯದಕ್ಕೆ ಹತ್ತುವುದು ಹೇಗೆ ಅಂತ ಕೇಳಿದೆ. ಆಗ ಅವರು ಹೇಳಿದ ಮಾತಿಗಾಗಿಯೇ ನಾನು ಅವರ ಕೆಲಸವನ್ನು ಇಲ್ಲಿ ಬದಲಿಸದೆ ಇಟ್ಟದ್ದು: “ಹೊಟ್ಟಿನೋವು ಅಂತ ಬಂದ್ರ, ಡಾಕ್ಟರ್ ನೋಡೂಮಟ ನೋವಿನ ಇಂಜೆಕ್ಷನ್ ಕೊಡಬ್ಯಾಡ್ರಿ ಅಂತ ನಮಗ ಕಲಿಸಿದ್ರು. ಎಲ್ಲಿ ನೋಯತೈತಿ ಅನ್ನೂದು ಮುಚ್ಚಿ ಹೋಕ್ಕೈತಿ ಅಂತ. ನಾ ಮೂರ ಸಲ ಇಂಜೆಕ್ಷನ್ ಕೊಟ್ಟೆ.”

ಕೊಟ್ಟ ಸಲಹೆ ಚಿಕ್ಕದು. ಸಾಲ ಕಟ್ಟಬೇಡಿ, ಮನೆ ಮಾರಬೇಡಿ. ಮನೆಯ ಕಾಗದಪತ್ರ ಬೇರೆ ಕಡೆ ಇಡಿ. ಸಾಲ ಕೊಟ್ಟವರು ಬಂದರೆ ಸಾಲ ಮಾಡಿದವನ ನಂಬರ್ ಕೊಡಿ, ಬೆದರಿಸಿದರೆ ಠಾಣೆಗೆ ಹೋಗಿ. ಊಟ, ಹಾಸಿಗೆ, ದವಾಖಾನೆಗೆ ಹೋಗುವ ಖರ್ಚು ಇವು ಯಾವತ್ತೂ ಇರಲಿ, ಕೈಗೆ ರೊಕ್ಕ ಬೇಡ. ಇದನ್ನು ಒಮ್ಮೆ ಹೇಳಿ, ಜಗಳಕ್ಕೆ ಕೂಡಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಉದ್ದಕ್ಕೆ ಮಾತಾಡಿದೆ. ರೊಕ್ಕ ಕೊಡದಿದ್ದರೆ ಸಾಯುತ್ತೇನೆ ಅಂತ ಮಗ ಎರಡು ಸಲ ಅಂದಿದ್ದ. ಮೂರನೇ ಸಾಲ ತಾಯಿ ಕಟ್ಟಿದ್ದು ಆ ಮಾತಿಗೆ ಹೆದರಿಯೇ. ‘ಅದೆಲ್ಲ ನಾಟಕ’ ಅಂತ ನಾನು ಯಾರಿಗೂ ಹೇಳುವುದಿಲ್ಲ, ನೀವೂ ಹೇಳಬೇಡಿ. ಜೂಜಿನ ಸಾಲದಲ್ಲಿ ಮುಳುಗಿದವರಲ್ಲಿ ಆ ಯೋಚನೆ ನಿಜವಾಗಿಯೂ ಬರುತ್ತದೆ. ಆದರೆ ಅದಕ್ಕೆ ಔಷಧ ರೊಕ್ಕ ಅಲ್ಲ. ಆ ಮಾತು ಬಂದ ದಿನ ಅವನನ್ನು ಒಂಟಿಯಾಗಿ ಬಿಡಬೇಡಿ, ಕೈಗೆ ಸಿಗುವ ಗುಳಿಗೆ, ಕ್ರಿಮಿನಾಶಕ ಎತ್ತಿಡಿ, ನೇರವಾಗಿ ಕೇಳಿ, ಡಾಕ್ಟರ ಹತ್ತಿರ ಕರಕೊಂಡು ಹೋಗಿ ಅಂದೆ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನ ದಾರಿ ಹೇಳಿದೆ. ರಾತ್ರಿ ಹೊತ್ತಿಗೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ದಿನದ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಇದಕ್ಕೆ ಬೈಗುಳ ತಿಂದಿದ್ದೇನೆ. ಅವರ ಸಭೆಯ ಹಿರಿಯರೊಬ್ಬರು ನನಗೆ ಫೋನ್ ಮಾಡಿ, ತಾಯಿ ಮಗನ ನಡುವೆ ಬರಲು ನೀವ್ಯಾರು, ಕ್ರೈಸ್ತರಾಗಿ ಹೀಗೆ ಕಲ್ಲುಮನಸ್ಸು ಕಲಿಸುತ್ತೀರಾ ಅಂದರು. ಅವರ ಜೊತೆ ವಾದ ಮಾಡಲಿಲ್ಲ. ನೀವು ಅವನಿಗೆ ಒಂದು ಕೆಲಸ ಹುಡುಕಿಕೊಡುತ್ತೀರಾ, ವಾರಕ್ಕೊಮ್ಮೆ ಅವನ ಜೊತೆ ಡಾಕ್ಟರ ಹತ್ತಿರ ಹೋಗುತ್ತೀರಾ ಅಂತ ಕೇಳಿದೆ. ಆಮೇಲೆ ಫೋನ್ ಬರಲಿಲ್ಲ. ಆದರೆ ರಾತ್ರಿ ಒಂದು ಪ್ರಶ್ನೆಯನ್ನು ನನ್ನನ್ನೇ ಕೇಳಿಕೊಂಡಿದ್ದೇನೆ. ಹುಡುಗನಿಗೆ ಏನಾದರೂ ಆಗಿದ್ದರೆ? ಈ ಸಲಹೆ ಕೊಟ್ಟ ಪ್ರತಿ ಸಲವೂ ಆ ಭಯ ಇರುತ್ತದೆ. ಆ ಭಯ ಇಲ್ಲದೆ ಈ ಸಲಹೆ ಕೊಡುವವರನ್ನು ನಾನು ನಂಬುವುದಿಲ್ಲ.

ಹನ್ನೊಂದು ತಿಂಗಳಾಯಿತು. ಮಗ ಸುಧಾರಿಸಿದ ಅಂತ ಬರೆಯಲು ಆಗುವುದಿಲ್ಲ. ಎರಡು ಸಲ ಡಾಕ್ಟರ ಹತ್ತಿರ ಹೋದ, ಬಿಟ್ಟ. ತಾಯಿಯ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದ. ಈಗ ಹುಬ್ಬಳ್ಳಿಯಲ್ಲಿ ಗೆಳೆಯನ ರೂಮಿನಲ್ಲಿದ್ದಾನೆ, ಗೋಡೌನಿನಲ್ಲಿ ಕೆಲಸ. ಮೂರನೇ ಸಲ ಡಾಕ್ಟರ ಹತ್ತಿರ ಹೋಗಿದ್ದಾನಂತೆ, ಯಾರೂ ಹೇಳದೆ. ಮನೆ ಮಾರಿಲ್ಲ. ಸಾಲ ಇನ್ನೂ ಇದೆ.

ಹೋದ ವಾರ ಸಿಸ್ಟರ್ ಬಂದಿದ್ದರು. ಫೋನ್ ತೆಗೆದು ತೋರಿಸಿದರು. ಶನಿವಾರ ರಾತ್ರಿ ಮಗ 5 ಸಾವಿರ ಕೇಳಿದ್ದ. ಕೆಳಗೆ ಇವರ ಉತ್ತರ: “ರೊಕ್ಕ ಇಲ್ಲ. ನಾಳೆ ಚರ್ಚಿನಿಂದ ಬಂದ ಮ್ಯಾಲೆ ರೊಟ್ಟಿ ಮಾಡ್ತೇನಿ. ಬಾ.” ಅದಕ್ಕೆ ಅವನಿಂದ ಉತ್ತರ ಬಂದಿರಲಿಲ್ಲ. ಅವನು ಬಂದನಾ ಅಂತ ಕೇಳಿದೆ.

“ಬರಲಿಲ್ಲರಿ,” ಅಂದರು. ಆಮೇಲೆ ಆ ಎರಡು ನೀಲಿ ಗೆರೆಗಳ ಮೇಲೆ ಬೆರಳಿಟ್ಟು, “ನೋಡ್ಯಾನ,” ಅಂದರು.